ಜರ್ಮನ್ನರು ಕೇಳಿದ ನಮ್ಮ ಕ್ಲಬ್ಬಿನ ಚರಿತ್ರೆ

ನಾನು ಕೂತರೆ ಸಾಕು, ನಮ್ಮ ಕ್ಲಬ್ಬಿನಲ್ಲಿ ಏನೋ ಒಂದು ಆಗುತ್ತದೆ. ಒಲೆಯ ಮೇಲಿನ ಹಾಲು ನಾವು ನೋಡುತ್ತಿರುವ ತನಕ ಸುಮ್ಮನಿದ್ದು, ಬೆನ್ನು ತಿರುಗಿಸಿದ ಕೂಡಲೇ ಉಕ್ಕುತ್ತದಲ್ಲ, ಹಾಗೆ. ಅದಕ್ಕೇ ಸೆಕ್ರೆಟರಿಯಾದ ಇಷ್ಟು ವರ್ಷಗಳಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದೇ ಕಡಿಮೆ. ಮೊದಲೇ ನಾನು ಒಂದು ಕಡೆ ನಿಲ್ಲುವವಳಲ್ಲ. "ಇವಳ ಕಾಲಿಗೆ ಚಕ್ರ ಕಟ್ಟಿದೆ" ಎಂದು ಮೈಸೂರಿನಲ್ಲಿ ನಮ್ಮಮ್ಮ ಹೇಳುತ್ತಿದ್ದಳು. ಆ ಚಕ್ರಕ್ಕೆ ಎಣ್ಣೆ ಹಾಕಿದ್ದು ಈ ಕ್ಲಬ್ಬು.

ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ, ಕೌನ್ಸಿಲ್ಲಿನ, ಎಂದರೆ ಇಲ್ಲಿನ ಪುರಸಭೆಯ, ಒಂದು ಸ್ಪೋರ್ಟ್ಸ್ ಹಾಲ್‌ನಲ್ಲಿ, ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಸೇರುವ ಕನ್ನಡದವರ ಆಟದ ಕ್ಲಬ್ಬು ನಮ್ಮದು. ಮುಕ್ಕಾಲು ಪಾಲು ಡಾಕ್ಟರುಗಳು, ಉಳಿದವರು ಬೆಂಗಳೂರಿನಿಂದ ಬಂದ ಕಂಪ್ಯೂಟರಿನವರು, ಮತ್ತೆ ಅವರವರ ಹೆಂಡತಿ ಮಕ್ಕಳು. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ನನ್ನ ಗಂಡ ಅನಸ್ತೀಸಿಯಾ ಡಾಕ್ಟರು. ಜನರನ್ನು ಮಲಗಿಸುವುದು ಅವರ ಕೆಲಸ, ಎಬ್ಬಿಸುವುದು ನನ್ನ ಸ್ವಭಾವ.

ನಮ್ಮ ಬಡಾವಣೆಗೂ ಜರ್ಮನಿಯ ಒಂದು ಊರಿಗೂ ಕೌನ್ಸಿಲ್ ಮಟ್ಟದಲ್ಲಿ ಗೆಳೆತನ. ಆ ಊರಿನ ಕ್ಲಬ್ಬಿನವರು ವರ್ಷಕ್ಕೊಮ್ಮೆ ಬಂದು ಇಲ್ಲಿನ ಯಾವುದಾದರೂ ಕ್ಲಬ್ಬಿನ ಜೊತೆ ಆಡಿ ಹೋಗುತ್ತಾರೆ. ಒಂದು ವರ್ಷ ಆ ಪಾಳಿ ನಮಗೆ ಬಂತು. ಬರುವ ಮೊದಲು ಅವರು ತಮ್ಮ ಕ್ಲಬ್ಬಿನ ಚರಿತ್ರೆಯನ್ನು ಪೋಸ್ಟಿನಲ್ಲಿ ಕಳಿಸಿದರು. ಇಟ್ಟಿಗೆಯಷ್ಟು ದಪ್ಪ ಪುಸ್ತಕ. ನೂರು ವರ್ಷ ದಾಟಿದ ಕ್ಲಬ್ಬು. ಮೊದಲ ಪುಟದಲ್ಲಿ ಮೀಸೆ ತಿರುವಿದ ಗಂಡಸರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತಿದ್ದರು. ಆಮೇಲೆ ಹ್ಯಾಂಡ್‌ಬಾಲ್, ಈಜು, ಓಟ, ಗುಂಡೆಸೆತ, ಚೆಸ್, ಒಂದೊಂದಕ್ಕೂ ಒಂದೊಂದು ವಿಭಾಗ. ಯುದ್ಧ ಬಂದಾಗ ಮೈದಾನದಲ್ಲಿ ಆಲೂಗಡ್ಡೆ ಬೆಳೆದರಂತೆ, ಯುದ್ಧ ಮುಗಿದಾಗ ಆಲೂಗಡ್ಡೆ ಕಿತ್ತು ಮತ್ತೆ ಗೋಲ್ ಕಂಬ ನೆಟ್ಟರಂತೆ. ಕೊನೆಯಲ್ಲಿ ಒಂದು ಚೀಟಿ: "ದಯವಿಟ್ಟು ನಿಮ್ಮ ಚರಿತ್ರೆಯನ್ನೂ ಕಳಿಸಿ."

ನಮಗೆ ಒಂಬತ್ತು ವರ್ಷ. ಅಧ್ಯಕ್ಷರು ಪುಸ್ತಕವನ್ನು ತೂಗಿ ನೋಡಿ ನನ್ನ ಕೈಗಿಟ್ಟರು. "ಸೆಕ್ರೆಟರಿ ನೀವಿದ್ದೀರಿ. ಬರೀರಿ," ಎಂದರು.

ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ನೆನಪಾದದ್ದೆಲ್ಲ ಜರ್ಮನಿಗೆ ಕಳಿಸಬಾರದಂಥವು. ಅದಕ್ಕೆ ನಿಮಗೆ ಹೇಳುತ್ತಿದ್ದೇನೆ.

ಕಾಯಿ ಒಡೆಯದೆ ಹೇಗೆ

ಜರ್ಮನ್ನರ ಕ್ಲಬ್ಬು ಹುಟ್ಟಿದ್ದು ದೇಶಪ್ರೇಮದಿಂದ. ನಮ್ಮದು ಹುಟ್ಟಿದ್ದು ಒಂದು ಬ್ಲಡ್ ರಿಪೋರ್ಟಿನಿಂದ, ತೊಂಬತ್ತರ ದಶಕದ ನಡುವೆ.

ಅಧ್ಯಕ್ಷರು ಧಾರವಾಡದವರು, ಗ್ರೀನ್‌ಫರ್ಡ್‌ನಲ್ಲಿ ಜಿ.ಪಿ., ಎಂದರೆ ಯಾವ ಕಾಯಿಲೆಗೂ ಮೊದಲು ನೋಡಿ ದೊಡ್ಡಾಸ್ಪತ್ರೆಗೆ ಕಾಗದ ಬರೆದುಕೊಡುವ ಡಾಕ್ಟರು. ಬಂದ ರೋಗಿಗಳಿಗೆಲ್ಲ "ವ್ಯಾಯಾಮ ಮಾಡಿ" ಎಂದು ಹೇಳುತ್ತಿದ್ದವರು ತಾವು ಮಾತ್ರ ಕಾರಿನಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ. ಒಂದು ದಿನ ಅವರದೇ ಕೊಲೆಸ್ಟರಾಲ್ ರಿಪೋರ್ಟು ಹೆಂಡತಿಯ ಕೈಗೆ ಸಿಕ್ಕಿತು. ಆ ಹೆಂಗಸನ್ನು ನಾವೆಲ್ಲ ವೈನಿ ಎನ್ನುತ್ತೇವೆ. ನಾವು ಮೈಸೂರಿನ ಕಡೆಯವರು ಅತ್ತಿಗೆ ಎನ್ನುವುದಕ್ಕೆ ಧಾರವಾಡದ ಮಾತು ಅದು. ವೈನಿ ರಿಪೋರ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಊರ ಮಂದಿಗೆಲ್ಲಾ ಶ್ಯಾಣ್ಯಾತನ ಹೇಳ್ತೀರಿ. ಇನ್ನ ಮ್ಯಾಲೆ ಆಟ ಆಡ್ರಿ, ಇಲ್ಲಾಂದ್ರ ಊಟ ಇಲ್ಲ," ಎಂದರು. ಒಬ್ಬರೇ ಆಡಲು ನಾಚಿಕೆಯಾಗಿ ಅಧ್ಯಕ್ಷರು ಹತ್ತು ಜನರನ್ನು ಕೂಡಿಸಿದರು.

ಮೊದಲ ಭಾನುವಾರ ಹನ್ನೊಂದು ಗಂಡಸರು ಹೊಸ ಬಿಳಿ ಷೂ ಹಾಕಿಕೊಂಡು ಹಾಲ್‌ಗೆ ಬಂದರು. ಶುಭಕಾರ್ಯ, ಕಾಯಿ ಒಡೆಯಬೇಕು. ಹಾಲ್‌ನ ಕೇರ್‌ಟೇಕರ್ ಒಬ್ಬ ತೆಳ್ಳಗಿನ ಐರಿಷ್ ಮುದುಕ. ಕಾಯಿಯನ್ನು ನೋಡಿದ, ಹೊಳೆಯುವ ಮರದ ನೆಲವನ್ನು ನೋಡಿದ, ಬಾಗಿಲಿಗೆ ಅಡ್ಡ ನಿಂತ. "ಈ ನೆಲಕ್ಕೆ ಷೂ ಬಿಟ್ಟು ಬೇರೇನು ತಾಗಿದರೂ ನನ್ನ ಕೆಲಸ ಹೋಗುತ್ತದೆ."

ಸರಿ, ಕಲ್ಲು ಹುಡುಕಲು ಹೊರಟೆವು. ಕ್ವೀನ್ಸ್‌ಬರಿಯಲ್ಲಿ ಅಕ್ಕಿ, ಬೇಳೆ, ಕರಿಬೇವು ಎಲ್ಲ ಸಿಗುತ್ತದೆ, ಕಾಯಿ ಒಡೆಯಲು ಒಂದು ಕಲ್ಲು ಸಿಗುವುದಿಲ್ಲ. ಕೊನೆಗೆ ಕಾರ್ ಪಾರ್ಕಿನ ಅಂಚುಗಲ್ಲೇ ಗತಿಯಾಯಿತು. ಅಧ್ಯಕ್ಷರು ಕುಕ್ಕಿದರು, ಒಡೆಯಲಿಲ್ಲ. ಹಾರ್ಟ್ ಸರ್ಜನ್ ಕುಕ್ಕಿದರು, ಒಡೆಯಲಿಲ್ಲ. ಉಳಿದ ಒಂಬತ್ತು ಜನ ಸುತ್ತ ನಿಂತು ಜುಟ್ಟು ಮೇಲಿರಬೇಕೋ ಕೆಳಗಿರಬೇಕೋ ಎಂದು ವಾದಕ್ಕಿಳಿದರು. ವೈನಿ ಸೆರಗು ಸಿಕ್ಕಿಸಿ ಬಂದು ಒಂದೇ ಏಟಿಗೆ ಎರಡು ಹೋಳು ಮಾಡಿದರು. ಕಾಯಿ ನೀರೆಲ್ಲ ಅಧ್ಯಕ್ಷರ ಹೊಸ ಷೂ ಮೇಲೆ.

ಕೇರ್‌ಟೇಕರ್ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದ. "ಇದು ಯಾವ ಆಟ?" ಎಂದು ಕೇಳಿದ.

"ಇದನ್ನ ನಾವು ಯಾವಾಗಲೂ ಮೊದಲು ಮಾಡುತ್ತೇವೆ," ಎಂದು ಅಧ್ಯಕ್ಷರು ಷೂ ಒರೆಸಿಕೊಂಡರು.

ಯಾರು ಬಂದರು, ಏನು ಆಡಿದರು ಎಂದು ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಸಹಿ ಮಾಡಲು ಹೋದ ನಾನು ಓದಿದೆ: "ಬ್ಯಾಡ್ಮಿಂಟನ್, ಒಳಗೆ. ತೆಂಗಿನಕಾಯಿ, ಹೊರಗೆ. ಗೆದ್ದವರು, ಅಧ್ಯಕ್ಷರ ಹೆಂಡತಿ."

ಹನ್ನೊಂದು ಡಾಕ್ಟರು, ಒಂದು ಕಾಲು

ಲಂಡನ್ನಿನಲ್ಲಿ ಹಬ್ಬ ಯಾವ ವಾರವಾದರೂ ಬರಲಿ, ನಾವು ಮಾಡುವುದು ಭಾನುವಾರ. ಮಂಗಳವಾರದ ಗಣಪತಿಯೂ ನಮಗೋಸ್ಕರ ಭಾನುವಾರದ ತನಕ ಕಾಯುತ್ತಾನೆ. ನಮ್ಮ ಕ್ಲಬ್ಬಿನ ಆಯುಧಪೂಜೆಯೂ ಹಾಗೆ. ನವಮಿಯ ಹತ್ತಿರದ ಭಾನುವಾರ ಆಟ ಮುಗಿಯುವ ಹೊತ್ತಿಗೆ ವೈನಿ ಬ್ಯಾಟು, ನೆಟ್ಟು, ಷಟಲ್ ಡಬ್ಬಿಗಳನ್ನೆಲ್ಲ ಮೂಲೆಯಲ್ಲಿಟ್ಟು ಕುಂಕುಮ ಹಚ್ಚಿ, ಹೂ ಏರಿಸಿ, ಹೊರಗೆ ಹೋಗಿ ಕಾಯಿ ಒಡೆದು ಬರುತ್ತಿದ್ದರು. ಪೂಜೆಗೆ ಕೂತ ಆಯುಧವನ್ನು ಮಾರನೇ ದಿನದ ತನಕ ಮುಟ್ಟುವ ಹಾಗಿಲ್ಲ. ನಾವೂ ಬೀಗ ಹಾಕಿ ಮನೆಗೆ ಹೋಗುತ್ತಿದ್ದೆವು, ತೊಂದರೆಯೇ ಇರಲಿಲ್ಲ.

ಒಂದು ವರ್ಷ ಪೂಜೆ ಬೇಗ ಮುಗಿಯಿತು. ಬೆಂಗಳೂರಿನಿಂದ ಆಗಷ್ಟೇ ಬಂದಿದ್ದ ಕಂಪ್ಯೂಟರಿನವನೊಬ್ಬ, "ಇನ್ನೂ ಅರ್ಧ ಗಂಟೆ ಇದ್ಯಲ್ಲಾ, ಒಂದ್ ಗೇಮ್ ಆಡೋಣ," ಎಂದು ಹೂವಿನ ಕೆಳಗಿನಿಂದ ಒಂದು ಬ್ಯಾಟು ಎಳೆದುಕೊಂಡ. ಮೂರನೇ ಹೊಡೆತಕ್ಕೆ ಪಾದ ಹೊರಳಿ ಧೊಪ್ಪೆಂದು ಬಿದ್ದ.

ಹನ್ನೊಂದು ಡಾಕ್ಟರು ಸುತ್ತ ಕೂತರು. ನಾನು ನಿಂತೇ ಇದ್ದೆ. ಕಣ್ಣಿನ ಡಾಕ್ಟರು ನೋಡಿ, "ಇದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ," ಎಂದರು. ಹೆರಿಗೆ ಡಾಕ್ಟರು ಮುಟ್ಟಿ, "ನಂದೂ ಅಲ್ಲ," ಎಂದರು. ಮನೋವೈದ್ಯರು, "ಬೀಳೋವಾಗ ಏನು ಅನ್ನಿಸ್ತು?" ಎಂದು ಕೇಳಿದರು. ಹಾರ್ಟ್ ಸರ್ಜನ್ ಅವನ ಎದೆ ಪರೀಕ್ಷಿಸಿ, "ಹಾರ್ಟು ಚೆನ್ನಾಗಿದೆ," ಎಂದು ಎದ್ದರು. ನನ್ನ ಗಂಡ, "ಬೇಕಾದ್ರೆ ಮಲಗಿಸ್ಬಹುದು, ಆದ್ರೆ ಕಾಲು ಕೊಯ್ಯೋರು ಯಾರಾದ್ರೂ ಇದ್ರೆ ಮಾತ್ರ," ಎಂದರು. ಅಧ್ಯಕ್ಷರು ಜಿ.ಪಿ. ಅಲ್ಲವೇ, "ನಾ ಒಂದ್ ಲೆಟರ್ ಬರದ ಕೊಡ್ತೀನಿ," ಎಂದು ಪೆನ್ನು ಹುಡುಕತೊಡಗಿದರು. ಅಷ್ಟೂ ಜನರಲ್ಲಿ ಒಬ್ಬರ ಬಳಿಯೂ ಒಂದು ತುಂಡು ಬ್ಯಾಂಡೇಜ್ ಇಲ್ಲ.

ಅಷ್ಟರಲ್ಲಿ ಕೇರ್‌ಟೇಕರ್ ಓಡಿ ಬಂದ. ತನ್ನ ಅಡುಗೆಗೆಂದು ಇಟ್ಟುಕೊಂಡಿದ್ದ ಫ್ರೋಜನ್ ಬಟಾಣಿ ಪೊಟ್ಟಣವನ್ನು ಪಾದಕ್ಕೆ ಒತ್ತಿ, ಟವೆಲ್ ಸುತ್ತಿ ಕಟ್ಟಿದ. ಆಮೇಲೆ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿ, ಬಹಳ ಕಳಕಳಿಯಿಂದ ಕೇಳಿದ: "ಪಾಪ, ಯಾರಾದರೂ ಡಾಕ್ಟರನ್ನು ಕರೆಸಲೇ?"

ರೆಫರೆನ್ಸ್ ಕಾಗದ

ಹೊರಗಿನವರಿಗೆ ನಮ್ಮ ಬ್ಯಾಡ್ಮಿಂಟನ್ ಟೂರ್ನಮೆಂಟಿನ ಫಲಿತಾಂಶ ಅರ್ಥವಾಗುತ್ತಿರಲಿಲ್ಲ. ಅರವತ್ತರ ಹತ್ತಿರದವರು ಮೂವತ್ತರವರನ್ನು ಸೋಲಿಸುತ್ತಿದ್ದರು. ಕಾರಣ ಸುಲಭ. ಇಲ್ಲಿ ಚಿಕ್ಕ ಡಾಕ್ಟರುಗಳಿಗೆ ಆರಾರು ತಿಂಗಳಿಗೆ ಹೊಸ ಕೆಲಸ ಹುಡುಕಬೇಕು. ಅದಕ್ಕೆ ದೊಡ್ಡ ಡಾಕ್ಟರ ರೆಫರೆನ್ಸ್ ಬೇಕು. ದೊಡ್ಡ ಡಾಕ್ಟರು ಭಾನುವಾರ ನೆಟ್ಟಿನ ಆಚೆ ನಿಂತಿರುತ್ತಾರೆ.

ಒಂದು ಫೈನಲ್ ನೆನಪಿದೆ. ಒಂದು ಕಡೆ ನಮ್ಮ ಹಾರ್ಟ್ ಸರ್ಜನ್, ಇನ್ನೊಂದು ಕಡೆ ಅವರದೇ ವಾರ್ಡಿನ ಚಿಕ್ಕ ಡಾಕ್ಟರು, ಬಳ್ಳಾರಿಯ ಹುಡುಗ, ಕಾಲೇಜಿನಲ್ಲಿ ಚಾಂಪಿಯನ್ ಆಗಿದ್ದವನು. ಹುಡುಗ ಹೊಡೆದದ್ದೆಲ್ಲ ನೆಟ್ಟಿಗೆ. ಸರ್ಜನ್‌ಗೇ ಬೇಸರ ಬಂತು. "ಏನಯ್ಯಾ, ಸರಿಯಾಗಿ ಆಡು!" ಎಂದು ಕೂಗಿದರು. "ಆಡ್ತಾ ಇದೀನಿ ಸಾರ್, ನೀವು ಬಹಳ ಚೆನ್ನಾಗಿ ಆಡ್ತಿದೀರ," ಎಂದ ಹುಡುಗ. ಹದಿನೈದು-ನಾಲ್ಕು. ಸರ್ಜನ್ ಕಪ್ಪನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು.

ಆ ವಾರ ಶುಕ್ರವಾರ ಅವರು ಹುಡುಗನ ರೆಫರೆನ್ಸ್ ಪೋಸ್ಟ್ ಮಾಡಿದರು. ಭಾನುವಾರ ಇಬ್ಬರೂ ಮತ್ತೆ ಆಡಿದರು. ಹದಿನೈದು-ಸೊನ್ನೆ, ಹುಡುಗನಿಗೆ. ಸರ್ಜನ್ ಬೆವರೊರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತರು. "ಕಾಗ್ದಾನ ಸೋಮವಾರ ಹಾಕ್ಬೇಕಾಗಿತ್ತು," ಎಂದರು.

ನಾಲ್ಕು ಆಟ

ಜರ್ಮನ್ನರು ಬರುವುದಕ್ಕೆ ತಿಂಗಳ ಮೊದಲು ಕೌನ್ಸಿಲ್ಲಿನಿಂದ ಪತ್ರ ಬಂತು. ಭಾನುವಾರ ಮಧ್ಯಾಹ್ನದ ಹಾಲ್ ಬೇಕೆಂದು ಒಂದು ಡಾನ್ಸ್ ಕ್ಲಾಸಿನವರು ಅರ್ಜಿ ಹಾಕಿದ್ದಾರೆ. ಆ ಹೊತ್ತು ಮೀಸಲಿರುವುದು ಬಹುಕ್ರೀಡಾ ಕ್ಲಬ್ಬುಗಳಿಗೆ. ಕಡಿಮೆಯೆಂದರೆ ನಾಲ್ಕು ಆಟ ಆಡುವವರಿಗೇ ಅದು ಬಹುಕ್ರೀಡೆ. ಜರ್ಮನ್ನರು ಬರುವ ಭಾನುವಾರವೇ ಕೌನ್ಸಿಲ್ಲಿನ ಅಧಿಕಾರಿ ಬಂದು ನೋಡುತ್ತಾರೆ, ನಾಲ್ಕು ಇಲ್ಲದಿದ್ದರೆ ಹಾಲ್ ಡಾನ್ಸಿನವರಿಗೆ.

ಪತ್ರ ಓದಿ ನಾನು ಮನೆಯಲ್ಲಿ ಎರಡು ಸುತ್ತು ಹಾಕಿದೆ. ಲಂಡನ್ನಿಗೆ ಬಂದ ಮೊದಲ ಎರಡು ವರ್ಷ ಗಂಡ ಡ್ಯೂಟಿಗೆ ಹೋದರೆ ನನ್ನ ಭಾನುವಾರ ಕಿಟಕಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಕಿಟಕಿ. ಫ್ಲಾಟಿನ ಕಾರ್ಪೆಟ್ಟು ಆ ದಾರಿಯಲ್ಲೇ ಸವೆದುಹೋಗಿತ್ತು. ವಾರವಿಡೀ ಲ್ಯಾಬಿನಲ್ಲಿ ಕನ್ನಡದ ಒಂದು ಮಾತಿಲ್ಲ. ಯಾರೊಂದಿಗಾದರೂ ಜಗಳವಾಡಬೇಕೆಂದರೂ ಇಂಗ್ಲಿಷಿನಲ್ಲೇ ಆಡಬೇಕು. ಈ ಮೂರು ಗಂಟೆ ಸಿಕ್ಕ ಮೇಲೆ ನಾನು ಮನುಷ್ಯಳಾದೆ. ಇದು ಹೋದರೆ ಮತ್ತೆ ಅದೇ ಕಿಟಕಿ. ನನಗೆ ನಿಜವಾಗಿಯೂ ಭಯವಾಯಿತು.

ಅಧ್ಯಕ್ಷರ ಮನೆಯಲ್ಲಿ ಮೀಟಿಂಗ್ ಸೇರಿತು. ನಾವು ಆಡುತ್ತಿದ್ದದ್ದು ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಎರಡೇ. ಒಬ್ಬರು ಕೇರಂ ಎಂದರು. ಇನ್ನೊಬ್ಬರು ಅಂತ್ಯಾಕ್ಷರಿ ಎಂದರು. ನಾನು ಮಾತ್ರ ಸೋಫಾದ ಹಿಂದೆ ಮುಂದೆ ಓಡಾಡುತ್ತಿದ್ದೆ. ಕೊನೆಗೆ ಹೆಂಗಸರೆಲ್ಲ ಶಾಲೆಯಲ್ಲಿ ಆಡಿದ್ದ ಥ್ರೋಬಾಲ್, ಗಂಡಸರಿಗೆ ವಾಲಿಬಾಲ್ ಎಂದು ತೀರ್ಮಾನವಾಗಿ, ಚೆಂಡುಗಳು ಬಂದು, ಮೂರು ವಾರ ಅಭ್ಯಾಸವೂ ಆಯಿತು.

"ನಾಲ್ಕು ಆಟ ಆಯ್ತಲ್ಲ, ಇನ್ನಾದ್ರೂ ಒಂದ್ನಿಮಿಷ ಕೂತ್ಕೊ," ಎಂದರು ನನ್ನ ಗಂಡ. ನಾನು ಕೂತೆ. ಅದೇ ತಪ್ಪಾಯಿತು.

ಪೂಜೆಗೆ ಕೂತ ಬ್ಯಾಟುಗಳು

ಆ ಭಾನುವಾರಕ್ಕೆ ನಾನು ಎಲ್ಲವನ್ನೂ ನೋಡಿದ್ದೆ. ಟ್ಯೂಬ್ ರೈಲು ಓಡುತ್ತದೆಯೇ ನೋಡಿದ್ದೆ, ಮಳೆ ಇದೆಯೇ ನೋಡಿದ್ದೆ, ಟೂಟಿಂಗ್‌ನ ಹೋಟೆಲಿನಿಂದ ಇಡ್ಲಿ ವಡೆ ಎಷ್ಟು ಹೊತ್ತಿಗೆ ಬರುತ್ತದೆ ನೋಡಿದ್ದೆ. ಪಂಚಾಂಗ ಮಾತ್ರ ನೋಡಿರಲಿಲ್ಲ. ಹೇಗೆ ನೋಡಲಿ? ಒಂಬತ್ತು ವರ್ಷ ಹಬ್ಬಗಳನ್ನು ನಾವೇ ಭಾನುವಾರಕ್ಕೆ ಎಳೆದು ತಂದಿದ್ದೆವು. ಈ ವರ್ಷ ನವಮಿ ತಾನಾಗಿಯೇ ಭಾನುವಾರ ಬಂದುಬಿಟ್ಟಿತ್ತು.

ಜರ್ಮನ್ನರು ಹೇಳಿದ ಹೊತ್ತಿಗೆ, ಎಂದರೆ ಎರಡು ಗಂಟೆಗೆ, ಮಿನಿಬಸ್ಸಿನಿಂದ ಇಳಿದರು. ಅವರ ಅಧ್ಯಕ್ಷ ಅರವತ್ತು ದಾಟಿದ ಎತ್ತರದ ಮನುಷ್ಯ, ಹರೆಯದಲ್ಲಿ ಗುಂಡೆಸೆತದ ಆಟಗಾರ. ನಮ್ಮವರು ಅರ್ಧ ಜನ ಇನ್ನೂ ಬಂದಿರಲಿಲ್ಲ. ನಾನು ಅತಿಥಿಗಳ ಬ್ಯಾಗುಗಳನ್ನು ಹಾಲ್‌ನಲ್ಲಿ ಇಡಿಸಿ, ಪಕ್ಕದ ಕೋಣೆಯಲ್ಲಿ ಇಡ್ಲಿಗೆ ಕೂರಿಸಿದೆ. ಅವರ ಅಧ್ಯಕ್ಷ ವಡೆಯ ತೂತಿನಲ್ಲಿ ಬೆರಳು ತೂರಿಸಿ ಅದು ಯಾಕೆ ಎಂದು ಕೇಳುತ್ತಿದ್ದ. ಮೂರು ಗಂಟೆಗೆ ಕೌನ್ಸಿಲ್ಲಿನ ಅಧಿಕಾರಿ ಬಂದರು. ಗಂಭೀರವಾದ ಇಂಗ್ಲಿಷ್ ಹೆಂಗಸು, ಕೈಯಲ್ಲಿ ಫಾರಂ, ಅದರಲ್ಲಿ ನಾಲ್ಕು ಖಾಲಿ ಸಾಲು. "ನಾಲ್ಕೂವರೆಗೆ ನಾನು ಹೊರಡಬೇಕು," ಎಂದರು.

ಹಾಲ್‌ನ ಬಾಗಿಲು ತೆಗೆದೆ. ಊದುಬತ್ತಿಯ ವಾಸನೆ ಬಡಿಯಿತು. ಮೂಲೆಯಲ್ಲಿ ಜಮಖಾನ, ಅದರ ಮೇಲೆ ಬ್ಯಾಟು, ನೆಟ್ಟು, ವಾಲಿಬಾಲು, ಥ್ರೋಬಾಲು, ಚೆಂಡಿಗೆ ಗಾಳಿ ಹಾಕುವ ಪಂಪು, ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಟೇಬಲ್ ಟೆನಿಸ್ ಮೇಜಿಗೆ ಮಾವಿನೆಲೆಯ ತೋರಣ. ನನ್ನ ಕಾಲು ನಿಂತಲ್ಲೇ ನಿಂತಿತು, ಅಂಥದು ಮೊದಲ ಸಲ.

"ವೈನಿ, ಏನು ಮಾಡಿಬಿಟ್ರಿ!" ಎಂದೆ.

"ಯಾಕವಾ? ಇವತ್ತ ನವಮಿ. ಒಂದ್ ವರ್ಷಾನರ ಖರೇ ದಿನಾ ಖರೇ ಮುಹೂರ್ತದಾಗ ಪೂಜಿ ಆಗ್ಲಿ ಅಂತ ಮಾಡೀನಿ," ಎಂದರು ವೈನಿ ಸಂತೋಷದಿಂದ.

"ಅತಿಥಿಗಳ ಬ್ಯಾಟಿನಲ್ಲಾದರೂ ಆಡಿಸೋಣ," ಎಂದು ನಾನು ಅವರ ಬ್ಯಾಗು ತೆರೆದೆ. ಬ್ಯಾಗು ಖಾಲಿ.

"ಅವರದ್ದೂ ಇಟ್ಟೀನಿ," ಎಂದರು ವೈನಿ. "ಮನೀಗೆ ಬಂದವರು. ಅವರದ್ದ ಬಿಟ್ಟು ನಮ್ಮದಷ್ಟ ಮಾಡಿದ್ರ ಛಂದ ಅನಸ್ತದೇನು?"

ಅಧ್ಯಕ್ಷರು ಮೆಲ್ಲಗೆ ಒಂದು ಬ್ಯಾಟಿನ ಕಡೆ ಕೈ ಚಾಚಿದರು. "ಮುಟ್ಟಬ್ಯಾಡ್ರಿ!" ಎಂದರು ವೈನಿ. "ಪೂಜಿ ಆದ ಬ್ಯಾಟ್ ಎತ್ತಿದಾಂವಂದು ಏನಾತು?" ಎಲ್ಲರೂ ಆ ಕಂಪ್ಯೂಟರಿನವನ ಕಾಲು ನೋಡಿದರು. ಅವನೇ ಎರಡು ಹೆಜ್ಜೆ ಹಿಂದೆ ಸರಿದ. ಹನ್ನೊಂದು ಡಾಕ್ಟರುಗಳಲ್ಲಿ ಒಬ್ಬರೂ ಬ್ಯಾಟು ಮುಟ್ಟಲು ಮುಂದೆ ಬರಲಿಲ್ಲ. ವಿಜ್ಞಾನ ಓದಿದವರು, ಆದರೂ ಯಾಕೆ ಸುಮ್ಮನೆ ಎಂದು.

ಗಡಿಯಾರ ಮೂರೂಕಾಲು. ನಾನು ಅಧಿಕಾರಿಯ ಹತ್ತಿರ ಓಡಿದೆ, ವೈನಿಯ ಹತ್ತಿರ ಓಡಿದೆ, ಕಣ್ಣಲ್ಲಿ ನೀರು ಬಂತು. ವೈನಿ ಅದನ್ನು ಕಂಡರು. ಅವರ ಮುಖ ಮೆತ್ತಗಾಯಿತು. "ಹುಚ್ಚಿ, ಅಳ್ತಾರೇನು? ಆಟ ಅಂದ್ರ ಬ್ಯಾಟಷ್ಟ ಏನು? ಕಬಡ್ಡಿಗೆ ಏನ ಬೇಕು? ದಮ್ಮ ಇದ್ರ ಸಾಕು."

ಐದು ನಿಮಿಷದಲ್ಲಿ ಜರ್ಮನ್ನರು ಒಂದು ಕಡೆ, ನಾವು ಒಂದು ಕಡೆ. ಜೀವಮಾನವಿಡೀ ಜನರ ಉಸಿರು ಕಾದವರೆಂದು ನನ್ನ ಗಂಡನೇ ಅಂಪೈರು. ನಮ್ಮ ಹಾರ್ಟ್ ಸರ್ಜನ್ "ಕಬಡ್ಡಿ ಕಬಡ್ಡಿ" ಎನ್ನುತ್ತ ಹುಲಿಯಂತೆ ನುಗ್ಗಿದರು, ಅಷ್ಟರಲ್ಲಿ ಸೊಂಟದಲ್ಲಿದ್ದ ಆಸ್ಪತ್ರೆಯ ಪೇಜರ್ ಕಿರ್ರೆಂದಿತು. ಅಭ್ಯಾಸಬಲದಿಂದ ಮಾತು ನಿಲ್ಲಿಸಿ ನಂಬರ್ ನೋಡಿದರು. ನಾಲ್ಕು ಜರ್ಮನ್ನರು ಅವರ ಮೇಲೆ ಬಿದ್ದರು. ಅಧಿಕಾರಿ ಫಾರಂನಲ್ಲಿ ಬರೆದರು: ಒಂದು.

ಆಮೇಲೆ ಖೋ ಖೋ. ಜರ್ಮನ್ನರು ಎಷ್ಟು ಶಿಸ್ತಿನವರೆಂದರೆ, ಬೆನ್ನಿಗೆ ಏಟು ಬಿದ್ದು ಖೋ ಎಂದರೂ, "ನನಗೇ ತಾನೆ?" ಎಂದು ಕೇಳಿ ಏಳುತ್ತಿದ್ದರು. ಎರಡು. ಆಮೇಲೆ ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಕುಂಟೆಬಿಲ್ಲೆ, ಬಿಲ್ಲೆಯಾಗಿ ವೈನಿಯ ಕುಂಕುಮದ ಭರಣಿಯ ಮುಚ್ಚಳ. ನಾವು ಹೆಂಗಸರು ಸೀರೆ ಎತ್ತಿ ಕಟ್ಟಿ ಕುಂಟಿದೆವು. "ಮಮ್, ದಟ್ಸ್ ನಾಟ್ ಈವನ್ ಅ ಸ್ಪೋರ್ಟ್!" ಎಂದು ನನ್ನ ಮಗಳು ಮುಖ ಮುಚ್ಚಿಕೊಂಡಳು. "ಸುಮ್ನೆ ಕುಂಟು!" ಎಂದೆ. ಅಧಿಕಾರಿ ಸ್ವಲ್ಪ ಯೋಚಿಸಿ ಬರೆದರು: ಮೂರು.

ನಾಲ್ಕು ಇಪ್ಪತ್ತು. ಇನ್ನೊಂದು ಆಟ ಯಾರಿಗೂ ಹೊಳೆಯಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಆಗ ವೈನಿ, "ಅಯ್ಯ, ಕಾಯಿ ಒಡಿಯೂದು ಮರತೇ ಹೋಗಿತ್ತು," ಎಂದು ಕಾರ್ ಪಾರ್ಕಿನ ಕಡೆ ನಡೆದರು. ಎಲ್ಲರೂ ಹಿಂದೆ ಹೋದೆವು. ಅತಿಥಿಯ ಗೌರವಕ್ಕೆಂದು ಕಾಯಿಯನ್ನು ಜರ್ಮನ್ ಅಧ್ಯಕ್ಷನ ಕೈಗೆ ಕೊಟ್ಟರು. ಆತ ಅದನ್ನು ಅಂಗೈಯಲ್ಲಿ ತೂಗಿದ. ಕೋಟು ಬಿಚ್ಚಿದ. ಕಾಯಿಯನ್ನು ಕುತ್ತಿಗೆಗೆ ಒತ್ತಿಕೊಂಡು, ಮೊಣಕಾಲು ಬಗ್ಗಿಸಿ, ಗರ್ರನೆ ತಿರುಗಿ ಎಸೆದ. ಅದು ಹದಿನೈದು ಹೆಜ್ಜೆ ಆಚೆಯ ಅಂಚುಗಲ್ಲಿಗೆ ಬಡಿದು ಚೂರುಚೂರಾಯಿತು. ನಮ್ಮವರೂ ಅವರ ಕಡೆಯವರೂ ಕೂಗಿದ ಕೂಗಿಗೆ ಎದುರು ಮನೆಯ ಕಿಟಕಿಗಳು ತೆರೆದವು.

ಅಧಿಕಾರಿ ಕೇರ್‌ಟೇಕರ್ ಕಡೆ ತಿರುಗಿದರು. "ಇದನ್ನು ಇವತ್ತು ಮಾತ್ರ ಮಾಡಿದರೇ?"

ಆ ಮುದುಕ ಒಳಗೆ ಹೋಗಿ ರಿಜಿಸ್ಟರ್ ತಂದು ಒಂದೊಂದೇ ಪುಟ ತೆರೆದು ತೋರಿಸಿದ. ತೆಂಗಿನಕಾಯಿ, ಹೊರಗೆ. ತೆಂಗಿನಕಾಯಿ, ಹೊರಗೆ. ಒಂಬತ್ತು ವರ್ಷ, ಒಂದೂ ತಪ್ಪಿರಲಿಲ್ಲ. "ಇವರ ಬಹಳ ಹಳೆಯ ಆಟ ಮೇಡಂ," ಎಂದ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ನಾನು ಆ ಮುದುಕನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಜರ್ಮನಿಗೆ ನಾನು ಚರಿತ್ರೆ ಬರೆದು ಕಳಿಸಲೇ ಇಲ್ಲ. ಆ ರಿಜಿಸ್ಟರಿನ ಪ್ರತಿ ಕಳಿಸಿದೆ.

ಎರಡು ವಾರದ ಮೇಲೆ ಕೌನ್ಸಿಲ್ಲಿನ ಪತ್ರ ಬಂತು. ನಾನು ನಿಂತೇ ಓದಿದೆ. ಭಾನುವಾರದ ಹಾಲ್ ನಮಗೇ, ಐದು ವರ್ಷಕ್ಕೆ. ಮೊಟ್ಟಮೊದಲ ಸಲ ಆ ಹಾಲ್‌ನಲ್ಲಿ ನಾನು ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಕೂತೆ. ಕೂತೆನಲ್ಲ, ಎರಡನೇ ಪುಟ ಕಣ್ಣಿಗೆ ಬಿತ್ತು. "ತಮ್ಮ ಕ್ಲಬ್ಬಿಗೆ ಒಪ್ಪಿಗೆ ದೊರೆತ ಆಟಗಳು: ಕಬಡ್ಡಿ, ಖೋ ಖೋ, ಕುಂಟೆಬಿಲ್ಲೆ, ತೆಂಗಿನಕಾಯಿ. ಇವಲ್ಲದೆ ಬ್ಯಾಡ್ಮಿಂಟನ್ ಮುಂತಾದ ಬೇರೆ ಯಾವುದೇ ಆಟ ಆಡಬೇಕಾದರೆ ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು."

ಅಧ್ಯಕ್ಷರು ಬ್ಯಾಟು ಹಿಡಿದು ಕೋರ್ಟಿನ ನಡುವೆ ನಿಂತಿದ್ದರು. ಪತ್ರವನ್ನು ಎರಡು ಸಲ ಓದಿ, ಬ್ಯಾಟನ್ನು ಕೆಳಗಿಟ್ಟು, ಹೆಂಡತಿಯನ್ನು ಕೂಗಿದರು.

"ಏ, ಹೊಸಾ ಅರ್ಜಿ ಹಾಕಬೇಕಂತ. ಒಂದ್ ಕಾಯಿ ತಾ."